ಸೊಸೆಯ ಪಾಠಕ್ಕೆ ಬಂದ ಅತ್ತೆ

ಆ ಭಾನುವಾರ ಮಹಾದೇವಿಯ ಜಾಗದಲ್ಲಿ ಅವಳ ಅತ್ತೆ ಬಂದು ಕುಳಿತಿದ್ದರು. ಮದುವೆಯಾಗಿ ಶಾಲೆ ಬಿಟ್ಟ ಹೆಂಗಸರಿಗೆ ನಾನು ಕಲಬುರಗಿಯಲ್ಲಿ ಎಸ್ಸೆಸ್ಸೆಲ್ಸಿ ಪಾಠ ಹೇಳುತ್ತೇನೆ. ಮಹಾದೇವಿ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಾಳೆ.

“ಸೊಸಿಗಿ ಜ್ವರ ಬಂದಾವ್ರೀ ಸರ್. ಪಾಠ ತಪ್ಪಬಾರ್ದಂತ ನಾ ಬಂದೀನಿ. ನನಗ ಓದಾಕ ಬರಲ್ರಿ, ಆದ್ರ ಭಜನಿ ಪದ ಎಲ್ಲಾ ಕೇಳೇ ಕಲ್ತೀನಿ. ನೀವು ಹೇಳ್ರಿ.”

ಅಂದು ಹೃದಯದ ಪಾಠ. ಆಕೆ ಕಣ್ಣು ಮುಚ್ಚಿ, ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತ ಕೇಳಿದರು.

ಮುಂದಿನ ವಾರ ಬಂದ ಮಹಾದೇವಿಯನ್ನು ಅದೇ ಪಾಠದ ಮೇಲೆ ಪ್ರಶ್ನೆ ಕೇಳಿದೆ. ಎದ್ದು ನಿಂತವಳೇ ಹೃದಯದ ನಾಲ್ಕು ಕೋಣೆ, ಕವಾಟ, ರಕ್ತ ಹರಿಯುವ ದಾರಿ ಎಲ್ಲವನ್ನೂ ಭಜನೆಯ ಧಾಟಿಯಲ್ಲಿ ಹೇಳಿಬಿಟ್ಟಳು. ಅತ್ತೆ ಹಾಸಿಗೆ ಪಕ್ಕ ಕೂತು ಹಾಗೇ ಹಾಡಿ ಕಲಿಸಿದ್ದರಂತೆ. ನಡುವೆ, “ಆ ಫ್ಯಾನ್ ಬಂದ್ ಮಾಡ್ರೆವ್ವಾ, ನನ್ನ ಮಾತು ಕೇಳವಲ್ದು” ಎಂದು ಹಿಂದಿನ ವಾರ ನಾನು ಅಂದಿದ್ದೂ ರಾಗವಾಗಿ ಬಂತು! ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅತ್ತೆ ನನ್ನ ಒಂದು ಮಾತನ್ನೂ ಬಿಟ್ಟಿರಲಿಲ್ಲ.

ಮಹಾದೇವಿಯ ಪರೀಕ್ಷೆ ಇನ್ನೂ ಮುಂದಿದೆ. ನಾನಂತೂ ಈಗ ತರಗತಿಯಲ್ಲಿ ಬಾಯಿ ತೆರೆಯುವ ಮುನ್ನ ಒಂದು ಕ್ಷಣ ತಡೆಯುತ್ತೇನೆ. ನಾನಾಡುವ ಮಾತು ಕಮಲಾಪುರದ ಬಸ್ಸು ಹತ್ತಬೇಕಾದೀತು.