ಬೇಸಿಗೆಯಲ್ಲಿ ಹೊದಿಸಿದ ಶಾಲು

ನನಗೊಂದು ದುರಭ್ಯಾಸವಿದೆ. ಸಿನಿಮಾ ನೋಡುವಾಗ ಮುಂದೇನಾಗುತ್ತದೆ ಎಂದು ಹೇಳಿಬಿಡುತ್ತೇನೆ. ಉಳಿದ ಹೊತ್ತಿನಲ್ಲಿ ನಾನು ಮಾತಾಡುವುದೇ ಕಡಿಮೆ. ನೆಂಟರು ಬಂದರೆ ನೀರು ಕೊಟ್ಟು, ಎರಡು ಪ್ರಶ್ನೆಗೆ ಉತ್ತರ ಹೇಳಿ, ಒಳಗೆ ಹೋಗಿ ಪುಸ್ತಕ ಹಿಡಿಯುವವಳು. ಆದರೆ ಪರದೆಯ ಮೇಲೆ ಒಬ್ಬ ತಾಯಿ ಮಗನ ಹಣೆಗೆ ಕುಂಕುಮವಿಟ್ಟು ಕಳಿಸಿದಳೆಂದರೆ, ‘ಇವನು ವಾಪಸ್ ಬರಲ್ಲ’ ಎಂಬ ಮಾತು ನನ್ನ ಬಾಯಿಂದ ತಾನಾಗಿ ಉದುರುತ್ತದೆ. ಅವನು ಬರುವುದೂ ಇಲ್ಲ. ಹಾಗಾಗಿ ನನ್ನನ್ನು ಸಿನಿಮಾಕ್ಕೆ ಕರೆದೊಯ್ಯುವವರು ಮೊದಲು ನನ್ನ ಕೈಗೊಂದು ದೊಡ್ಡ ಪಾಪ್‌ಕಾರ್ನ್ ಡಬ್ಬ ಕೊಡುತ್ತಾರೆ. ಅದು ಪ್ರೀತಿಯಲ್ಲ, ಮುನ್ನೆಚ್ಚರಿಕೆ.

ಈ ವಿದ್ಯೆ ನನಗೆ ನಿಜವಾಗಿ ಶಿಕ್ಷೆಯಾದದ್ದು ಒಂದೇ ಸಲ. ಅದೊಂದು ಹಿಂದಿ ರಾಜಕೀಯ ಸಿನಿಮಾ. ನನ್ನ ಎಡಕ್ಕೆ ಅಪ್ಪ, ಬಲಕ್ಕೆ ಚಿಕ್ಕಪ್ಪ. ಇಬ್ಬರೂ ಮಾತು ಬಿಟ್ಟು ತಿಂಗಳುಗಳಾಗಿದ್ದವು.

ಜಗಳ ಶುರುವಾದದ್ದು ಮನೆಯ ವಾಟ್ಸಾಪ್ ಗುಂಪಿನಲ್ಲಿ. ಚಿಕ್ಕಪ್ಪನದು ಕನ್ನಡಕದ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ತನಗೆ ಬಂದದ್ದನ್ನೆಲ್ಲ ಮುಂದಕ್ಕೆ ತಳ್ಳುವುದು ಅವರ ವ್ಯಾಯಾಮ. ಚುನಾವಣೆ ಬಂದಾಗ ಅದು ಪ್ರವಾಹವಾಯಿತು. ಅಪ್ಪ ಹೈಸ್ಕೂಲಿನಲ್ಲಿ ಪೌರನೀತಿ ಹೇಳಿಕೊಟ್ಟು ನಿವೃತ್ತರಾದವರು. ಕೆಲವು ದಿನ ತಡೆದುಕೊಂಡರು. ಆಮೇಲೆ ಒಂದು ಬೆಳಿಗ್ಗೆ ಎಲ್ಲರಿಗೂ ಕಾಣುವಂತೆ ಬರೆದರು: ‘ಯಾರೋ ಬರೆದದ್ದನ್ನು ಕಳಿಸಬೇಡ. ನಿನ್ನದೇ ಮಾತು ಅಂತ ಒಂದಿದ್ದರೆ ಬರಿ.’ ಚಿಕ್ಕಪ್ಪ ಗುಂಪಿನಿಂದ ಹೊರಗೆ ಹೋದರು. ತಮ್ಮ ಬಡಾವಣೆ ಗೋಕುಲಂನಿಂದ ನಮ್ಮ ನಜರ್‌ಬಾದಿನ ಮನೆಗೆ ಬರುವುದನ್ನೂ ನಿಲ್ಲಿಸಿದರು. ಯಾರ ಪರವಾಗಿ ಈ ಇಬ್ಬರೂ ಕಾದಾಡಿದರೋ ಆ ಇಬ್ಬರು ಅಭ್ಯರ್ಥಿಗಳೂ ಈಗ ಒಂದೇ ಪಕ್ಷದಲ್ಲಿ ಆರಾಮವಾಗಿದ್ದಾರೆ.

ಇಷ್ಟೇ ಆಗಿದ್ದರೆ ನಾವು ಕಾಯುತ್ತಿದ್ದೆವು. ಆದರೆ ತಾತನ ತಿಥಿ ಮುಂದಿನ ಭಾನುವಾರ ಬಂದಿತ್ತು. ತಾನು ಬೇರೆಯಾಗಿ ತನ್ನ ಮನೆಯಲ್ಲೇ ಮಾಡುತ್ತೇನೆಂದು ಚಿಕ್ಕಪ್ಪ ಹೇಳಿ ಕಳಿಸಿದ್ದರು. ಅಜ್ಜಿ ಅದನ್ನು ಕೇಳಿ ಅಳಲಿಲ್ಲ, ಬೈಯಲಿಲ್ಲ. ಬಿಡಿಸುತ್ತಿದ್ದ ಅವರೆಕಾಯಿಯನ್ನು ಪಕ್ಕಕ್ಕಿಟ್ಟು ನನ್ನನ್ನು ಕೇಳಿದರು: “ಒಬ್ಬ ಮನುಷ್ಯನಿಗೆ ಎರಡು ಮನೇಲಿ ಎಡೆ ಇಕ್ತಾರೇನಮ್ಮ? ಅವರು ಯಾವ ಮನೇಗೇಂತ ಬರ್ತಾರೆ?” ಎಂ.ಎ. ಓದಿದ ನಾನು ಅವರು ಬಿಟ್ಟ ಅವರೆಕಾಯಿ ಬಿಡಿಸತೊಡಗಿದೆ. ಅವತ್ತು ಅಜ್ಜಿ ಊಟಕ್ಕೆ ಏಳಲಿಲ್ಲ.

ಉಪಾಯ ಹುಡುಕಿದ್ದು ವನಜತ್ತೆ. ಅಪ್ಪನಿಗೆ ತಂಗಿ, ಚಿಕ್ಕಪ್ಪನಿಗೆ ಅಕ್ಕ. ಇಬ್ಬರ ನಡುವೆ ಹುಟ್ಟಿದ್ದರಿಂದ ನಡುವೆ ನಿಲ್ಲುವುದೇ ಅವರ ಕಸುಬು. ಸಿನಿಮಾ ಮನುಷ್ಯರನ್ನು ಬದಲಾಯಿಸುತ್ತದೆ ಎಂದು ಅತ್ತೆ ಬಲವಾಗಿ ನಂಬಿದ್ದಾರೆ. ಈ ಹಿಂದಿ ಚಿತ್ರದ ಟ್ರೈಲರಿನಲ್ಲಿ ಅಣ್ಣ ತಮ್ಮಂದಿರಿಬ್ಬರು ಬಿಗಿದಪ್ಪಿಕೊಳ್ಳುವುದನ್ನು ನೋಡಿದ್ದೇ ನನಗೆ ಫೋನ್ ಮಾಡಿದರು.

“ನಿನಗೆ ನೋಡಬೇಕಂತೆ, ಜೊತೆಗೆ ಯಾರೂ ಇಲ್ವಂತೆ ಅಂತ ಇಬ್ಬರಿಗೂ ಬೇರೆ ಬೇರೆ ಹೇಳಿದೀನಿ. ನೀನು ಮಧ್ಯ ಕೂತ್ಕೊ.”

“ಅತ್ತೆ, ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ.”

“ಅಳೋಕೆ ಯಾವ ಭಾಷೆ ಬೇಕು ಕಣೇ? ಸುಮ್ನೆ ಬಂದ್ಬುಡು. ಬಾಯಿ ಮಾತ್ರ ಬಿಡಬೇಡ.”

ದೀಪ ಆರಿದ ಮೇಲೆ ಅತ್ತೆ ಚಿಕ್ಕಪ್ಪನನ್ನು ಕೈಹಿಡಿದು ತಂದು ನನ್ನ ಬಲಕ್ಕೆ ಕೂರಿಸಿ, ಆಚೆ ಬದಿಯಲ್ಲಿ ತಾವು ಕೂತು ದಾರಿ ಮುಚ್ಚಿದರು. ಪರದೆ ಬೆಳಗಿದಾಗ ಸಹೋದರರು ಒಬ್ಬರನ್ನೊಬ್ಬರು ಕಂಡರು. ಇಬ್ಬರೂ ತಕ್ಷಣ ಪರದೆಯನ್ನು, ಜೀವಮಾನದಲ್ಲಿ ಸಿನಿಮಾವನ್ನೇ ಕಾಣದವರಂತೆ ನೋಡತೊಡಗಿದರು. ನನ್ನ ಕುರ್ಚಿಯ ಎರಡೂ ಕೈಗಳು ಖಾಲಿ ಉಳಿದವು.

ಸಿನಿಮಾದ ಕಥೆ ಹೇಳುವುದು ಸುಲಭ, ನೀವು ನೋಡಿರುತ್ತೀರಿ, ಇದನ್ನಲ್ಲ, ಇಂಥದ್ದನ್ನು. ಉತ್ತರದ ಯಾವುದೋ ರಾಜ್ಯದ ಮುದಿ ನಾಯಕನಿಗೆ ಲಕ್ವಾ ಹೊಡೆಯುತ್ತದೆ. ಕುರ್ಚಿಗೆ ಇಬ್ಬರು ಮಕ್ಕಳು. ಇಂಗ್ಲಿಷ್ ಮಾತಾಡುವ ಸೊಸೆ ಕಿಟಕಿಯ ಬಳಿ ನಿಂತು ಯೋಚಿಸುತ್ತಾಳೆ. ಎಲ್ಲರೂ ಪಿಸುಮಾತಿನಲ್ಲೇ ರಾಜ್ಯವಾಳುತ್ತಾರೆ. ಅರ್ಧಭಾಗ ಅಜ್ಜಿಯರು ಹೇಳುವ ರಾಜ್ಯದ ಜಗಳದ ಕಥೆ, ಉಳಿದರ್ಧ ಯಾವುದೋ ವಿದೇಶಿ ಪಾತಕಲೋಕದ ಕಥೆ. ಹೊಲಿಗೆ ಮಾತ್ರ ಹೊಸದು, ಅದೂ ಕಾಣುವಂತಿತ್ತು.

ಎರವಲು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಹಳೆಯ ಕವಿಗಳೆಲ್ಲ ಎರವಲು ತಂದವರೇ. ಕಾವ್ಯದ ಮೊದಲಲ್ಲೇ ಪೂರ್ವದ ಕವಿಗಳಿಗೆ ಕೈಮುಗಿದು, ತಂದದ್ದನ್ನು ಒಪ್ಪಿಕೊಂಡೇ ಶುರುಮಾಡುತ್ತಿದ್ದರು. ನಮ್ಮ ಬೀದಿಯಲ್ಲೂ ಇದಕ್ಕೊಂದು ಕ್ರಮವಿದೆ. ಪಕ್ಕದ ಮನೆಯಿಂದ ಸಾರು ಬಂದ ಬಟ್ಟಲನ್ನು ಯಾರೂ ಬರಿದಾಗಿ ಹಿಂತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಎರಡು ಬಾಳೆಹಣ್ಣು. ಅಜ್ಜಿಯಂತೂ ತೊಳೆದ ಬಟ್ಟಲು ಖಾಲಿ ಇರುವುದನ್ನು ಕಂಡರೆ ನನ್ನನ್ನು ಬಾಗಿಲಿನಿಂದಲೇ ವಾಪಸು ಕರೆಯುತ್ತಾರೆ. ಈ ಸಿನಿಮಾದವರು ಯಾರದೋ ಬಟ್ಟಲನ್ನು ತಂದು, ಉಂಡು, ತೊಳೆಯದೆಯೇ ನಮ್ಮ ಮುಂದಿಟ್ಟಿದ್ದರು.

ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ವಿಮರ್ಶೆ ಇರಲಿಲ್ಲ, ದಿಗಿಲಿತ್ತು. ಪರದೆಯ ಅಣ್ಣ ತಮ್ಮನಿಗೆ ತನ್ನ ತಟ್ಟೆಯಿಂದ ತುತ್ತು ತಿನ್ನಿಸಿದ. ಎಲ್ಲರೆದುರು ಹೊಗಳಿದ. ಟ್ರೈಲರಿನ ಅಪ್ಪುಗೆಯೂ ಬಂತು. ಅಪ್ಪಿಕೊಂಡ ಅಣ್ಣನ ಮುಖವನ್ನು ಕ್ಯಾಮೆರಾ ತುಂಬಾ ಹೊತ್ತು ತೋರಿಸಿತು. ನನ್ನ ಹಾಳು ವಿದ್ಯೆ ಎಚ್ಚೆತ್ತಿತು: ಈ ಅಣ್ಣ ತಮ್ಮನನ್ನು ಕೊಲ್ಲಿಸುತ್ತಾನೆ. ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಬಾಯಿತುಂಬ ಪಾಪ್‌ಕಾರ್ನ್ ತುಂಬಿಕೊಂಡು, ಪಕ್ಷಾಂತರವೋ ಜೈಲೋ ಏನಾದರೂ ಆಗಲಿ, ಕೊಲೆಯೊಂದು ಬೇಡ ಎಂದು ಬೇಡಿಕೊಂಡೆ.

ಇಂಟರ್‌ವಲ್‌ನಲ್ಲಿ ಚಿಕ್ಕಪ್ಪ ಎದ್ದು ಹೊರಟರು. ಅತ್ತೆ ಕಣ್ಣಲ್ಲೇ ನನ್ನನ್ನು ಅಟ್ಟಿದರು. ಹೊರಗೆ ಮೆಟ್ಟಿಲ ಬಳಿ ಹಿಡಿದೆ.

“ಚಿಕ್ಕಪ್ಪ, ಇನ್ನರ್ಧ ಇದೆ.”

“ಇದ್ರೆ ನಿಮ್ಮಪ್ಪ ನೋಡ್ಲಿ ಬಿಡು ಪುಟ್ಟಿ. ಯಾರೋ ಬರೆದದ್ದು ಅವರಿಗೆ ಆಗಲ್ವಂತಲ್ಲ, ಈಗ ಹೆಂಗೆ ಬಾಯಿಬಿಟ್ಕೊಂಡು ನೋಡ್ತಾವ್ರೆ? ಕೇಳು ಹೋಗು.”

“ಭಾನುವಾರ ಅಜ್ಜಿ…”

ಅವರು ಗಾಜಿನಾಚೆ ರಸ್ತೆಯ ಕಡೆ ತಿರುಗಿದರು. “ಅದನ್ನ ಮಾತ್ರ ಎತ್ತಬೇಡ. ಅಷ್ಟು ಜನರ ಮುಂದೆ ನಿನ್ನದೇ ಮಾತು ಅಂತ ಒಂದಿದ್ರೆ ಅಂದ್ರಲ್ಲ. ನಾನೇನು ಗಿಣಿನಾ?” ಎಂದವರು ತಮ್ಮ ಬರಿಗೈ ನೋಡಿಕೊಂಡು, ಇನ್ನೊಂದು ದನಿಯಲ್ಲಿ ಕೇಳಿದರು: “ನನ್ನ ಹೆಲ್ಮೆಟ್ ಎಲ್ಲಿ?”

ಹೆಲ್ಮೆಟ್ ಅತ್ತೆಯ ತೊಡೆಯ ಮೇಲಿತ್ತು, ಎರಡೂ ಕೈಯ ಕಾವಲಿನಲ್ಲಿ. ಅದಿಲ್ಲದೆ ಸರ್ಕಲ್ ದಾಟಿದರೆ ಪೊಲೀಸರು ಬಿಡುವುದಿಲ್ಲ. ಚಿಕ್ಕಪ್ಪ ಅದನ್ನು ತೆಗೆದುಕೊಳ್ಳಲು ಒಳಗೆ ಬಂದರು, ಅತ್ತೆ ಕೊಡಲಿಲ್ಲ, ದೀಪ ಆರಿತು. “ಕೂತ್ಕೊಳ್ರೀ ಸ್ವಾಮಿ!” ಎಂದು ಹಿಂದಿನಿಂದ ಕೂಗು ಬಂತು. ಚಿಕ್ಕಪ್ಪ ಕೂತರು.

ಆಮೇಲೆ ಆ ದೃಶ್ಯ. ಮೇ ತಿಂಗಳ ಪ್ರಚಾರ. ಕಾರ್ಯಕರ್ತರು ಬೀಸಣಿಗೆ ಬೀಸುತ್ತಿದ್ದಾರೆ, ಎಲ್ಲರ ಕುತ್ತಿಗೆಯಲ್ಲೂ ಬೆವರು. ಕತ್ತಲಾಗುತ್ತಿದೆ. ಅಣ್ಣ ತನ್ನ ದಪ್ಪ ಉಣ್ಣೆಯ ಶಾಲನ್ನು ತೆಗೆದು ತಮ್ಮನ ಹೆಗಲಿಗೆ ಹೊದಿಸಿ, ತನ್ನ ಕಾರಿನಲ್ಲೇ ಹೋಗೆಂದು ಕಳಿಸುತ್ತಾನೆ. ನನಗೆ ಎಲ್ಲ ತಿಳಿದುಹೋಯಿತು. ಕೊಲೆಗಾರರಿಗೆ ಗುರುತು ಆ ಶಾಲು. ನನ್ನ ಬಾಯಿಂದ ಏನೂ ಬರದಂತೆ ತುಟಿ ಕಚ್ಚಿ ಹಿಡಿದೆ.

ಬಲಗಡೆಯಿಂದ ಚಿಕ್ಕಪ್ಪ ಯಾರಿಗೂ ಅಲ್ಲದಂತೆ ಗೊಣಗಿದರು: “ಇಷ್ಟು ಸೆಕೇಲಿ ಯಾವನು ಶಾಲು ಹೊದ್ಕೋತಾನೆ?”

ಎಡಗಡೆಯಿಂದ ಅಪ್ಪ, ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: “ಅದು ಶಾಲಲ್ಲ ಕಣೋ. ಕೋಟು.”

ತಿಂಗಳುಗಳಿಂದ ಅವರಿಬ್ಬರ ನಡುವೆ ನೇರವಾಗಿ ಬಂದ ಮೊದಲ ಮಾತು ಅದು.

“ಯಾವ ಕೋಟು?” ಎಂದ ಚಿಕ್ಕಪ್ಪ ಮುಂದಕ್ಕೆ ಬಾಗಿದರು. “ಅದಾ? ನೀನು ಸ್ಕೂಲ್ ತಪ್ಪಿಸಿ ಕರ್ಕೊಂಡು ಹೋಗಿದ್ದ ಇಂಗ್ಲಿಷ್ ಪಿಚ್ಚರ್ರಾ?”

“ಅದೇ. ಅಲ್ಲೂ ಅಣ್ಣ ತಮ್ಮಂಗೆ ಕೋಟು ತೊಡಿಸಿ ಕಳಿಸ್ತಾನೆ, ಆದ್ರೆ ಹಿಮ ಬೀಳ್ತಿತ್ತು. ಈ ಪಿಚ್ಚರ್ ಮಾಡಿದವ್ನು ಕೋಟು ಕದ್ದವ್ನೆ, ಚಳಿ ತರೋದು ಮರೆತವ್ನೆ.”

ಪರದೆಯಲ್ಲಿ ಗುಂಡು ಹಾರಿತು. ಶಾಲು ರಸ್ತೆಗೆ ಬಿತ್ತು. ಅತ್ತೆ ‘ಅಯ್ಯೋ’ ಎಂದು ಹೆಲ್ಮೆಟ್ ಅಪ್ಪಿಕೊಂಡರು. ಚಿಕ್ಕಪ್ಪನ ದನಿ ಎಂಟು ವರ್ಷದ ಹುಡುಗನದಾಗಿತ್ತು: “ಅಲ್ಲ ಕಣಣ್ಣ, ಅದರಲ್ಲಿ ತಮ್ಮ ಸಾಯಲ್ವಲ್ಲ. ಕೋಟನ್ನ ಕಳ್ಳ ಕದ್ದಿರ್ತಾನೆ, ಸಾಯೋದು ಆ ಕಳ್ಳ. ನೀನೇ ಹೇಳಿದ್ದೆ.”

ಪರದೆಯ ಮೇಲೆ ಒಂದು ಶವಯಾತ್ರೆ ಮುಗಿಯಿತು.

“ಅಲ್ಲೂ ತಮ್ಮನೇ ಸತ್ತಿದ್ದು,” ಎಂದರು ಅಪ್ಪ ಕೊನೆಗೆ. “ನೀನು ಅಳ್ತಾ ಇದ್ದೆ. ನನಗೆಲ್ಲಿ ಇಂಗ್ಲಿಷ್ ಬರ್ತಿತ್ತು? ಮೊದಲಿಂದ ಕೊನೇವರೆಗೆ ಏನೋ ಕಟ್ಟಿ ಹೇಳ್ತಾ ಬಂದೆ. ಅದನ್ನೂ ಹಂಗೇ ಹೇಳ್ಬುಟ್ಟೆ.”

“ಅಂದ್ರೆ ಇಷ್ಟು ವರ್ಷ ನಾನು ಎಲ್ಲರಿಗೂ ಆ ಪಿಚ್ಚರ್ ಕಥೆ ತಪ್ಪು ಹೇಳಿದೀನಾ?”

“ಹೂಂ.”

ಚಿಕ್ಕಪ್ಪನ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಗಾಬರಿಯಾದೆ. ಅವರು ನಗುತ್ತಿದ್ದರು. “ಯಾರೋ ಬರೆದದ್ದನ್ನ ಕಳಿಸಬೇಡ ಅನ್ನೋ ಮೇಷ್ಟ್ರ ಕಥೆ ನೋಡಿದ್ಯಾ ಪುಟ್ಟಿ!” ಎಂದು ನನಗೆ ಹೇಳಿದರೂ ಕೈ ನನ್ನನ್ನು ದಾಟಿ ಅಪ್ಪನ ತೋಳಿಗೆ ಹೊಡೆಯಿತು.

“ಯಜಮಾನ್ರೇ, ಮನೆಗೋಗಿ ಮಾತಾಡ್ಕೊಳಿ,” ಎಂದಿತು ಹಿಂದಿನ ಸಾಲು.

“ಹೋಗ್ತೀವಿ ಇರ್ರೀ,” ಎಂದರು ಅಪ್ಪ, ಜೀವನದಲ್ಲಿ ಎಂದೂ ಚಿತ್ರಮಂದಿರದಲ್ಲಿ ದನಿಯೆತ್ತದವರು.

ಉಳಿದ ಸಿನಿಮಾ ಇಬ್ಬರೂ ಸೇರಿ ಹೇಳಿದರು. ಮುಂದೇನಾಗುತ್ತದೆಂದು ಪೈಪೋಟಿಯ ಮೇಲೆ ಊಹಿಸಿದರು; ಹೆಚ್ಚಿನವು ಸರಿಯಾದವು. ನನ್ನ ದುರಭ್ಯಾಸ ಯಾವ ಕಡೆಯಿಂದ ಬಂದದ್ದೆಂದು ಅವತ್ತು ತಿಳಿಯಿತು. ಸಿನಿಮಾ ಚೆನ್ನಾಗಿದ್ದಿದ್ದರೆ ಇಬ್ಬರೂ ಬೇರೆ ಬೇರೆಯಾಗಿ ಕಣ್ಣೊರೆಸಿಕೊಂಡು ಬೇರೆ ಬೇರೆ ಗಾಡಿಯಲ್ಲಿ ಮನೆಗೆ ಹೋಗುತ್ತಿದ್ದರು ಎಂದು ಈಗಲೂ ನಂಬಿದ್ದೇನೆ.

ಭಾನುವಾರ ತಾತನಿಗೆ ಒಂದೇ ಎಡೆ ಇಟ್ಟೆವು, ನಜರ್‌ಬಾದಿನಲ್ಲೇ. ಊಟವಾದ ಮೇಲೆ ಅಜ್ಜಿ ಗೋಡೆಗೊರಗಿ ಎಲೆಯಡಿಕೆ ಹಾಕಿಕೊಂಡು, “ಅದೇನೋ ಸಿನಿಮಾ ನೋಡಿದ್ರಂತಲ್ಲ, ಏನ್ರೋ ಕಥೆ?” ಎಂದು ಕೇಳಿದರು. ಅಪ್ಪ ತಮ್ಮನ ಮುಖ ನೋಡಿದರು. ಚಿಕ್ಕಪ್ಪ ಹೇಳತೊಡಗಿದರು. ಮುದಿ ನಾಯಕ, ಕುರ್ಚಿ, ಕಿಟಕಿಯ ಸೊಸೆ, ಎಲ್ಲ ಬಂತು. ಶಾಲಿನ ದೃಶ್ಯ ಹತ್ತಿರವಾದಂತೆ ನಾನು ಅಜ್ಜಿಯ ಮುಖ ನೋಡಿದೆ.

“ಆಮೇಲೆ ಆ ಶಾಲನ್ನ ಒಬ್ಬ ಕಳ್ಳ ಕದ್ಕೊಂಡು ಹೋದ ಕಣಮ್ಮ. ಗುಂಡು ಬಿದ್ದಿದ್ದು ಅವನಿಗೆ.”

“ತಮ್ಮ?”

“ಅವನಿಗೇನಾಗ್ತದೆ? ಚೆನ್ನಾಗವ್ನೆ.”

“ಮತ್ತೆ ಅಷ್ಟು ಒಳ್ಳೆ ಸಿನಿಮಾಕ್ಕೆ ನನ್ನ ಯಾಕ್ರೋ ಕರ್ಕೊಂಡು ಹೋಗ್ಲಿಲ್ಲ?” ಎಂದರು ಅಜ್ಜಿ.

ತಪ್ಪು ಕಂಡರೆ ತಿದ್ದದೆ ಬಿಡದವಳು ನಾನು. ಅವತ್ತು ಮಾತ್ರ ಚಿಕ್ಕಪ್ಪನ ಕಥೆಯನ್ನು ಹಾಗೇ ಬಿಟ್ಟು ಎದ್ದು, ಪಕ್ಕದ ಮನೆಯ ಬಟ್ಟಲಿಗೆ ನಾಲ್ಕು ವಡೆ ಹಾಕಿ ಕೊಟ್ಟುಬರಲು ಹೋದೆ.