ಸೋಲುವವರ ಕುರ್ಚಿ

ಮೊದಲ ಮಾತುಕತೆ ನಿಗದಿಯಾದದ್ದು ಮೂರನೆಯ ಫೋನ್ ಕರೆಯಲ್ಲಿ, ಅದೂ ಗಡಿಯಾರ ರಿಪೇರಿಯವರ ಹೆಂಡತಿಯ ದಯೆಯಿಂದ. ಮೊದಲೆರಡು ಸಲ ಗಡಿಯಾರದವರೇ ಫೋನೆತ್ತಿ, "ನನ್ನ ಹತ್ರ ಹೇಳೋಕೆ ಏನಿದೆ? ವಾಚ್ ರಿಪೇರಿ ಮಾಡ್ತಿದ್ದೆ, ಆಮೇಲೆ ಕಂಪ್ಯೂಟರ್ ಮುಂದೆ ಕೂತು ಸೋಲ್ತಿದ್ದೆ" ಎಂದು ಮಾತು ಮುಗಿಸಿದ್ದರು. ಮೂರನೆಯ ಸಲ ಫೋನೆತ್ತಿದವರು ಹೆಂಡತಿ.

"ಅವರು ಸೋತ ಕಥೇನಾ? ಹಾಗಾದ್ರೆ ಅದರಲ್ಲಿ ನಂದೂ ಸ್ವಲ್ಪ ಇದೆ. ಗುರುವಾರ ಮೂರಕ್ಕೆ ಬನ್ನಿ. ಮೂರು ಅಂದ್ರೆ ಮೂರು. ಈ ಮನೇಲಿ ಮೂರು ಗಂಟೆ ಎರಡು ನಿಮಿಷಕ್ಕೆ ಬಂದ್ರೆ ಮುಖ ಊದಿಸ್ಕೊಂಡು ಕೂರೋರಿದ್ದಾರೆ."

ಹೀಗೆ ಶುರುವಾದ ಮಾತು ಐದು ಗುರುವಾರ ನಡೆಯಿತು. ಇಲ್ಲಿರುವುದು ಗಂಡಹೆಂಡಿರು ಹೇಳಿದ್ದನ್ನು ಅವರು ಕೆಲಸ ಮಾಡಿದ ಗೇಮ್ ಕಚೇರಿಯ ದಾಖಲೆ ಪುಸ್ತಕದೊಡನೆ ಹೋಲಿಸಿ ಬರೆದದ್ದು.

ಗಡಿಯಾರದವರು ಇಪ್ಪತ್ತೊಂಬತ್ತು ವರ್ಷ ಒಂದೇ ಅಂಗಡಿಯಲ್ಲಿ, ಒಂದೇ ಮೇಜಿನ ಮುಂದೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವರು. ವಾಚುಗಳನ್ನು ರಿಪೇರಿಗೆ ತರುವವರೇ ಇಲ್ಲವಾದಾಗ ಅಂಗಡಿ ಮುಚ್ಚಿತು. ಕೈಗೆ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಗ, ಅಂಗಡಿಯ ಮೇಲಿನ ಮಹಡಿಯಲ್ಲಿ ವಿಡಿಯೋ ಗೇಮ್ ತಯಾರಿಸುತ್ತಿದ್ದ ಕಚೇರಿಯ ಮುಖ್ಯಸ್ಥೆ ಕರೆಸಿ ಕೇಳಿದರು: "ಅಂಕಲ್, ನಿಮಗೆ ಗೇಮ್ ಆಡೋಕೆ ಬರುತ್ತಾ?"

"ಇಲ್ಲ ಮೇಡಂ."

"ನಮಗೆ ಬೇಕಾಗಿರೋದು ಅದೇ."

ಕೆಲಸ ವಿಚಿತ್ರವಾಗಿತ್ತು. ಆ ಆಟದಲ್ಲಿ ಆಡುವವರು ನಾಲ್ಕೈದು ಸೈನಿಕರನ್ನು ಮನೆಯಿಂದ ಮನೆಗೆ, ಚದುರಂಗದ ಕಾಯಿಯಂತೆ, ಸರದಿಯ ಮೇಲೆ ನಡೆಸಬೇಕು. ಪ್ರತಿ ಮಿಷನ್ ಮುಂದೆ ಒಂದರಿಂದ ಐದು ನಕ್ಷತ್ರ ಹೊಳೆಯುತ್ತವೆ. ಅದು ಕಷ್ಟದ ದರ್ಜೆ. ಅದನ್ನು ನೋಡಿಯೇ ಆಡುವವರು ಹಳೆಯ ಸೈನಿಕರನ್ನು ಕಳಿಸುವುದೋ, ಹೊಸಬರನ್ನು ಕಳಿಸಿ ಪಳಗಿಸುವುದೋ ಎಂದು ತೀರ್ಮಾನಿಸುತ್ತಾರೆ. ಒಮ್ಮೆ ಸತ್ತ ಸೈನಿಕ ಆ ಆಟದಲ್ಲಿ ಮತ್ತೆ ಬರುವುದಿಲ್ಲ. ಹಾಗಾಗಿ ನಕ್ಷತ್ರ ತಪ್ಪಿದರೆ ಆಡುವವರು ನಂಬಿ ಕೆಟ್ಟಂತೆ.

ಮೊದಲ ಲೆಕ್ಕ ಕಂಪ್ಯೂಟರಿನದು: ವೈರಿಗಳೆಷ್ಟು, ಅವರ ಬಲವೆಷ್ಟು, ಎಷ್ಟು ಸರದಿಯೊಳಗೆ ಮುಗಿಸಬೇಕು, ಅಡಗಲು ಗೋಡೆಗಳೆಷ್ಟು. ಆದರೆ ಆ ಲೆಕ್ಕಕ್ಕೆ ಎಲ್ಲವೂ ಕಾಣುವುದಿಲ್ಲ. ಅದಕ್ಕೇ ಆಟ ಬಾರದ ಗಡಿಯಾರದವರು ಪ್ರತಿ ಮಿಷನ್ ಹತ್ತು ಸಲ ಆಡಿ, ಎಷ್ಟು ಸಲ ಸೋತರೆಂದು ಪುಸ್ತಕದಲ್ಲಿ ಬರೆಯಬೇಕು. ಸೇತುವೆಯ ಮಿಷನ್‌ನಲ್ಲಿ ವೈರಿಗಳು ಆರೇ ಜನ. ಕಂಪ್ಯೂಟರ್ ಎರಡು ನಕ್ಷತ್ರ ಕೊಟ್ಟಿತ್ತು. ಆದರೆ ಅಲ್ಲಿ ಬಿಡಿಸಿ ತರಬೇಕಾದ ವೈದ್ಯ ಕುಂಟುತ್ತಾ ನಡೆಯುತ್ತಾನೆ. ಅವನಿಗಾಗಿ ಕಾಯುತ್ತಾ ಗಡಿಯಾರದವರು ಹತ್ತರಲ್ಲಿ ಒಂಬತ್ತು ಸಲ ಸೋತರು. ಕಂಪ್ಯೂಟರಿಗೂ ಅವರಿಗೂ ಹೊಂದದಿದ್ದರೆ ಅವರದೇ ಅಂತಿಮ ಎಂಬುದು ಕಚೇರಿಯ ನಿಯಮ. ಪ್ರತಿ ಎರಡು ಸೋಲಿಗೆ ಒಂದು ನಕ್ಷತ್ರ, ಬೆಸ ಬಂದರೆ ಒಂದು ಹೆಚ್ಚು. ಸೇತುವೆಗೆ ಐದು ಬಿತ್ತು.

"ಸೋತು ಬರೋಕೆ ಸಂಬಳ ಕೊಡ್ತಾರಲ್ಲ, ಎಂಥಾ ಧರ್ಮಾತ್ಮರು ರೀ" ಎಂದು ಹೆಂಡತಿ ದಿನವೂ ಛೇಡಿಸುತ್ತಿದ್ದರು. ಗಡಿಯಾರದವರಿಗೆ ಬೇಸರವಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೊರಡಲು ಒಂದು ಜಾಗ, ತನ್ನದೆನ್ನಲು ಒಂದು ಕುರ್ಚಿ ಇತ್ತು. ಅಷ್ಟು ಅವರಿಗೆ ಸಾಕಾಗಿತ್ತು.

ಮೂರನೆಯ ವರ್ಷ ಹದಿನಾಲ್ಕನೆಯ ಮಿಷನ್ ಬಂತು: ಪಾಳುಬಿದ್ದ ಹಿಟ್ಟಿನ ಗಿರಣಿ. ಹತ್ತರಲ್ಲಿ ಒಂದೇ ಸಲ ಸೋತರು. ಪುಸ್ತಕದಲ್ಲಿ ಒಂದು ಎಂದು ಬರೆಯಲು ಹೋದವರು ಪೆನ್ಸಿಲ್ ಹಿಡಿದು ಹಾಗೇ ಕೂತರು. ಎರಡನೆಯ ಸರದಿಯಲ್ಲೇ ತಾವು ಇಬ್ಬರನ್ನು ಎಡಗೋಡೆಯ ಮರೆಗೆ ಕಳಿಸಿದ್ದು ನೆನಪಾಯಿತು. ಯಾಕೆ ಕಳಿಸಿದೆ? ಮೂಟೆಗಳು ಹೆಚ್ಚಿರುವ ಕಡೆಯಿಂದಲೇ ವೈರಿಗಳು ನುಗ್ಗುತ್ತಾರೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮೂರು ವರ್ಷದಲ್ಲಿ ಕೈ ತಾನೇ ಕಲಿತುಬಿಟ್ಟಿತ್ತು.

ಒಂದು ಎಂದು ಬರೆದರೆ ಅದು ನಿಜವಾದ ಲೆಕ್ಕ, ಆದರೆ ಆಡುವವರಿಗೆ ಸುಳ್ಳು ಭರವಸೆ. ಆರು ಎಂದು ಬರೆದರೆ ಯಾರಿಗೂ ಅನುಮಾನ ಬರದು, ಕುರ್ಚಿಯೂ ಉಳಿಯುತ್ತದೆ, ಆದರೆ ಅದು ಬರೀ ಅಂದಾಜು. ಆಟ ಬಲ್ಲವನಿಗೆ ಆ ಕುರ್ಚಿಯಲ್ಲಿ ಏನು ಕೆಲಸ? ಪುಸ್ತಕ ಮುಚ್ಚಿ ಮನೆಗೆ ಬಂದರು. ಎರಡು ದಿನ ಊಟ ಸೇರಲಿಲ್ಲ.

"ಏನಾಯ್ತು ರೀ? ಗೆದ್ದುಬಿಟ್ರಾ?" ಎಂದರು ಹೆಂಡತಿ ತಮಾಷೆಗೆ.

"ಹೂಂ ಕಣೇ. ಅದೇ ಆಗಿರೋದು."

ಎಲ್ಲವನ್ನೂ ಕೇಳಿದ ಮೇಲೆ ಹೆಂಡತಿ ನಗಲಿಲ್ಲ. "ನಾಲ್ಕು ನಿಮಿಷದ ಕಥೆ ಮರೆತ್ರಾ?" ಎಂದರು.

ಮರೆತಿರಲಿಲ್ಲ. ಅಂಗಡಿಯ ಗೋಡೆ ಗಡಿಯಾರ ನೋಡಿ ಅವರು ರಿಪೇರಿಯ ಎಲ್ಲ ವಾಚಿಗೂ ಹೊತ್ತು ಹೊಂದಿಸುತ್ತಿದ್ದರು. ಒಮ್ಮೆ ಆ ಗಡಿಯಾರವೇ ನಾಲ್ಕು ನಿಮಿಷ ಮುಂದೆ ಹೋಗಿತ್ತು. ಬೀದಿಯ ವಾಚುಗಳೆಲ್ಲ ಒಂದಕ್ಕೊಂದು ಹೊಂದುತ್ತಿದ್ದುದರಿಂದ ತಿಂಗಳವರೆಗೆ ಯಾರಿಗೂ ತಿಳಿಯಲಿಲ್ಲ. ಕೊನೆಗೊಬ್ಬ ಮೇಷ್ಟ್ರು ಬಂದು, "ನಮ್ಮೆಲ್ಲರ ವಾಚೂ ಸರಿ ಇದೆ, ರೈಲೊಂದೇ ದಿನಾ ನಾಲ್ಕು ನಿಮಿಷ ತಡ" ಎಂದು ದೂರಿದಾಗ ವಿಷಯ ಹೊರಬಿತ್ತು. ಗಡಿಯಾರದವರು ಮನೆಮನೆಗೆ ಹೋಗಿ ತಪ್ಪೊಪ್ಪಿಕೊಂಡು ವಾಚುಗಳನ್ನು ಸರಿಪಡಿಸಿ ಬಂದಿದ್ದರು.

ಮರುದಿನ ಅವರು ಮುಖ್ಯಸ್ಥೆಯ ಮುಂದೆ ನಿಂತರು. "ಮೇಡಂ, ನನ್ನ ಕೈ ಪಳಗಿಬಿಟ್ಟಿದೆ. ಇನ್ನು ನಾನು ಸೋತರೂ ಗೆದ್ದರೂ ನಿಮಗೆ ಉಪಯೋಗ ಇಲ್ಲ."

ಮುಖ್ಯಸ್ಥೆ ಬಹಳ ಹೊತ್ತು ಪುಸ್ತಕ ತಿರುವಿದರು. "ಹಾಗಾದ್ರೆ ಈ ವರ್ಷದ ಮಿಷನ್ ಎಲ್ಲಾ ಮತ್ತೆ ಆಡಿಸಬೇಕು ಅಂಕಲ್. ಯಾರ ಹತ್ರ?"

"ಕೆಳಗೆ ನಿಂತಿದ್ದಾಳೆ. ಮೌಸ್ ಹಿಡಿಯೋಕೂ ಬರಲ್ಲ."

ಹೆಂಡತಿ ಆ ಕುರ್ಚಿಯಲ್ಲಿ ಕೂತರು. ಹಿಡಿಯುವುದು, ಒತ್ತುವುದು ಕಲಿಯಲು ಅರ್ಧ ದಿನ ಹಿಡಿಯಿತು. ಆಮೇಲೆ ನಾಲ್ವರು ಸೈನಿಕರನ್ನೂ ಗಿರಣಿಯ ನಟ್ಟನಡುವೆ ಗುಂಪಾಗಿ ನಿಲ್ಲಿಸಿ, ಮೂರನೆಯ ಸರದಿಯಲ್ಲಿ ಎಲ್ಲರನ್ನೂ ಕಳೆದುಕೊಂಡರು. "ಒಟ್ಟಿಗಿದ್ರೆ ಧೈರ್ಯ ಅಂದ್ಕೊಂಡೆ" ಎಂದರು. ಹಿಂದೆ ನಿಂತ ಗಂಡ ಹೇಳಿಕೊಡಲು ಬಾಯಿ ತೆರೆದರು.

"ನೀವು ಉಸಿರೆತ್ತಬೇಡಿ ರೀ. ನನ್ನ ಸೋಲು ನನಗೆ ಬಿಡಿ."

ಹೊಸಬರು ಎಲ್ಲಿ ತಡವರಿಸುತ್ತಾರೆಂದು ನೋಡಿ ಬರೆದುಕೊಳ್ಳುವ ಕೆಲಸ ಗಡಿಯಾರದವರಿಗೆ ಸಿಕ್ಕಿತು, ವಾರಕ್ಕೆ ಎರಡೇ ದಿನ. ಆರು ತಿಂಗಳಿಗಿಂತ ಹೆಚ್ಚು ಯಾರೂ ಆ ಕುರ್ಚಿಯಲ್ಲಿ ಕೂರಬಾರದೆಂಬ ನಿಯಮವೂ ಬಂತು. ಮಿಕ್ಕ ದಿನಗಳಲ್ಲಿ ಗಂಡ ಈಗಲೂ ಒಂಬತ್ತಕ್ಕೆ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋಗಿ ನಿಲ್ಲುತ್ತಾರೆ ಎಂದು ಹೆಂಡತಿ ಹೇಳಿದರು.

ಪುಸ್ತಕದಲ್ಲಿ ಗಿರಣಿಯ ಮಿಷನ್‌ನ ಪುಟದಲ್ಲಿ, ಅವರು ಅಂದು ಬರೆಯದೆ ಬಿಟ್ಟ ಒಂದು ಖಾಲಿ ಸಾಲಿದೆ. ಅದರ ಕೆಳಗೆ ಗಡಿಯಾರದವರ ಕೈಬರಹದಲ್ಲಿ ಹೀಗಿದೆ: ೧೭ ಆಗಸ್ಟ್ ೨೦೨೨, ಬುಧವಾರ. ಹದಿನಾಲ್ಕನೆಯ ಮಿಷನ್. ಹತ್ತು ಆಟ, ಏಳು ಸೋಲು, ನಾಲ್ಕು ನಕ್ಷತ್ರ. ಆಡಿದವರು: ನನ್ನ ಹೆಂಡತಿ.