ಎರಡು ಸೂಜಿಯ ಹೊಲಿಗೆ

ರಾಜಾಜಿನಗರದ ಮಿಡ್ಲ್ ಸ್ಕೂಲೊಂದರಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ಸತ್ಯವತಿಗೆ ಮೂವತ್ತೆಂಟು ತುಂಬುವವರೆಗೆ ಯಾವ ಹವ್ಯಾಸವೂ ಇರಲಿಲ್ಲ. ಇರಬೇಕು ಎಂದು ಅವಳಿಗೆ ಅನಿಸಿಯೂ ಇರಲಿಲ್ಲ. ಮಕ್ಕಳಿರಲಿಲ್ಲ. ಗಂಡ ಪದ್ಮನಾಭ ಅಂಚೆ ಕಚೇರಿಯ ಗುಮಾಸ್ತ, ಮಾತು ಕಡಿಮೆ. ಅತ್ತೆಗೆ ಮಡಿ ಹೆಚ್ಚು. ಬಡಾವಣೆ ಮಾಡಿದ ಬೋರ್ಡಿನವರು ಕೊಟ್ಟ ಸೈಟಿನಲ್ಲಿ ಮನೆ ಕಟ್ಟಿ ಎರಡು ವರ್ಷವಾಗಿತ್ತು. ಸುತ್ತ ಇನ್ನೂ ಕಲ್ಲು ನೆಟ್ಟ ಬಯಲು. ಪಕ್ಕದ ಮನೆಯವರು ಎಂದರೆ ನಾಲ್ಕು ಸೈಟು ಆಚೆಯವರು.

ಐವತ್ತೇಳನೇ ಇಸವಿಯ ಜೂನ್‌ನಲ್ಲಿ, ಶಾಲೆ ತೆರೆದ ಮೂರನೆಯ ದಿನ, ಅವಳ ತೊಗಲು ಚೀಲದ ಹಿಡಿ ಕಿತ್ತು ಬಂತು. ಊಟದ ಡಬ್ಬಿಯೂ ಮೈಸೂರು ರಾಜ್ಯದ ಹೊಸ ನಕ್ಷೆಯೂ ಮಾಗಡಿ ರಸ್ತೆಯ ಕೆಸರಿಗೆ ಬಿದ್ದವು. ಎದುರಿನ ಹೊಂಗೆಮರದ ಕೆಳಗೆ ಹೊಸಹಳ್ಳಿಯ ಮರಿಯಪ್ಪ ಚಪ್ಪಲಿ ಹೊಲಿಯುತ್ತ ಕೂತಿದ್ದ. ಅವನು ಚೀಲ ತೆಗೆದುಕೊಂಡು, ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನೊಳಗೆ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ದಾಟಿಸಿ ಎಳೆದ.

"ಒಂದು ಸೂಜಿ ಸಾಲ್ದಾ?" ಎಂದಳು ಸತ್ಯವತಿ.

"ಒಂದೇ ಆದ್ರೆ, ಒಂದು ಕಡೆ ಕಿತ್ರೆ ಪೂರ್ತಿ ಬಿಚ್ಕೊಳ್ತದೆ. ಎರಡಾದ್ರೆ ಒಂದು ಹೋದ್ರೂ ಇನ್ನೊಂದು ಹಿಡ್ಕೊಂಡಿರ್ತದೆ."

ಸತ್ಯವತಿ ಆ ದಿನ ಮೊದಲ ಪೀರಿಯಡ್ಡಿಗೆ ತಡವಾಗಿ ಹೋದಳು. ಮರುದಿನ ಬಂದು, ಇದನ್ನು ನನಗೂ ಹೇಳಿಕೊಡು ಎಂದಳು.

"ಯಾಕಮ್ಮ?"

"ಸುಮ್ನೆ."

ಮರಿಯಪ್ಪ ಉಳಿ ಕೆಳಗಿಟ್ಟ. "ಚರ್ಮ ಯಾರೂ ಸುಮ್ನೆ ಹೊಲಿಯಲ್ಲ ಕಣಮ್ಮ," ಎಂದ.

ಆದರೂ ಹೇಳಿಕೊಟ್ಟ. ಎರಡು ಸಂಜೆ ಅವಳು ಮರದ ಕೆಳಗೆ ಗೋಣಿಚೀಲದ ಮೇಲೆ ಕೂತು ಚೂರು ತೊಗಲಿಗೆ ತೂತು ಹಾಕಿದಳು. ಮೂರನೆಯ ಸಂಜೆ ಮರಿಯಪ್ಪ ಕೈಮುಗಿದ. "ನೀವು ಇಲ್ಲಿ ಕೂರ್ಬೇಡಿ. ಜನ ನಿಂತ್ಕೊಂಡು ನಿಮ್ಮನ್ನ ನೋಡ್ತಾರೆ, ಚಪ್ಪಲಿ ಯಾರೂ ಕೊಡಲ್ಲ. ಭಾನುವಾರ ನಾನೇ ಮನೆ ಹತ್ರ ಬರ್ತೀನಿ."

ಮನೆಯಲ್ಲಿ ಅತ್ತೆ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು ಒಂದೇ ನಿಯಮ ಮಾಡಿದರು. ಚರ್ಮ ಹೊಸ್ತಿಲು ದಾಟಿ ಒಳಗೆ ಬರಕೂಡದು. ಪದ್ಮನಾಭನ ಬೆಲ್ಟು, ಅವನ ಗಡಿಯಾರದ ಪಟ್ಟಿ, ದೇವರ ಕೋಣೆಯಲ್ಲಿದ್ದ ಮಾವನವರ ಮೃದಂಗ, ಇವು ಆ ನಿಯಮಕ್ಕೆ ಸೇರಿರಲಿಲ್ಲ. ಸತ್ಯವತಿ ವಾದ ಮಾಡಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಅವಳು, ಗೇಟಿನ ಬಳಿ ಕಲ್ಲಿನ ಮೇಲೆ ಮರಿಯಪ್ಪ, ನಡುವೆ ಎಂಟು ಅಡಿ. ಪಾಠ ಸ್ವಲ್ಪ ಕೂಗಿಕೊಂಡೇ ನಡೆಯುತ್ತಿತ್ತು.

ಅವಳು ಮೊದಲು ಮಾಡಿದ್ದು ಗಂಡನಿಗೆ ಕನ್ನಡಕದ ಚೀಲ. ಕನ್ನಡಕ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಪದ್ಮನಾಭ ಅದನ್ನು ತಿರುಗಿಸಿ ನೋಡಿ, "ಭದ್ರವಾಗಿದೆ," ಎಂದು ಜೇಬಿಗಿಟ್ಟುಕೊಂಡು ಕಚೇರಿಗೆ ಹೋದ. ಹೊಲಿಗೆ ಬಿಚ್ಚುವ ಮನಸ್ಸಾಗದೆ ಹತ್ತು ದಿನ ಪಕ್ಕದ ಮೇಜಿನ ನಾಗರಾಜುವಿನ ಕನ್ನಡಕದಲ್ಲಿ ಮನಿಯಾರ್ಡರು ಬರೆದನಂತೆ. ಕೊನೆಗೆ ಮರಿಯಪ್ಪನೇ ಬಿಚ್ಚಿದ.

ಎರಡನೆಯದು ಪರ್ಸು. ಮೂರನೆಯದೂ ಪರ್ಸು, ಏಕೆಂದರೆ ಎರಡನೆಯದು ಮುಚ್ಚುತ್ತಿರಲಿಲ್ಲ. ನಾಲ್ಕನೆಯದನ್ನು ಶಾಲೆಯ ಹೊಲಿಗೆ ಟೀಚರ್ ಕೋಕಿಲಾ ಕೇಳಿ ತೆಗೆದುಕೊಂಡಳು. ಅಂದು ಸತ್ಯವತಿ ಮನೆಗೆ ದೂರದ ದಾರಿ ಹಿಡಿದು ಬಂದಳು.

ಹೀಗೇ ಒಂಬತ್ತು ತಿಂಗಳಾದವು. ಮಾರ್ಚಿನ ಒಂದು ಬುಧವಾರ ಸಂಜೆ ಮರಿಯಪ್ಪ ಕರೆಯದೆ ಬಂದ. ಬಲಗೈ ಹೆಬ್ಬೆರಳಿಗೆ ಅರಿಶಿನದ ಬಟ್ಟೆ ಸುತ್ತಿತ್ತು, ಎಡಗೈಯಲ್ಲಿ ಗೋಣಿಚೀಲ. ತೊಗಲು ಕೊಯ್ಯುವ ರಂಪಿಗೆ ಜಾರಿ ಎಲುಬಿನವರೆಗೆ ಕೊಯ್ದಿತ್ತು. ಅವನು ಚೀಲವನ್ನು ಮೆಟ್ಟಿಲ ಬಳಿ ಸುರಿದ.

"ಏಳು ಜೊತೆ ಚಪ್ಪಲಿ ಇದೆ. ಶನಿವಾರ ಕೊಡ್ತೀನಿ ಅಂದ್ಬಿಟ್ಟಿದೀನಿ."

"ನಾನು ಹೊಲಿಯೋದಾ?"

"ಇನ್ಯಾರಮ್ಮ? ಬರ್ತದಲ್ಲ ನಿಮ್ಗೆ."

ಸತ್ಯವತಿ ಆವರೆಗೆ ಮುಟ್ಟಿದ್ದೆಲ್ಲ ಹೊಸ ತೊಗಲು, ಹದ ಮಾಡಿದ ವಾಸನೆಯದು. ಇವು ಊರವರ ಕಾಲುಗಳು. ಒಂದರ ಅಟ್ಟೆಗೆ ಸಗಣಿ ಒಣಗಿ ಹಿಡಿದಿತ್ತು. ಇನ್ನೊಂದರಲ್ಲಿ ಐದು ಬೆರಳೂ ಬೆವರಿನಲ್ಲಿ ಅಚ್ಚಾಗಿದ್ದವು. ಮೊದಲನೆಯದನ್ನು ಎರಡು ಬೆರಳಿನಲ್ಲಿ ಎತ್ತಿದಳು. ಮರಿಯಪ್ಪ ನೋಡುತ್ತಿದ್ದ. ಎರಡು ಬೆರಳಿನಲ್ಲಿ ಹಿಡಿದು ಹೊಲಿಯಲಾಗುವುದಿಲ್ಲ ಎಂಬುದು ಸ್ವಲ್ಪ ಹೊತ್ತಿಗೆ ಅವಳಿಗೇ ತಿಳಿಯಿತು. ತೊಡೆಯ ಮೇಲೆ ಇಟ್ಟುಕೊಂಡಳು.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು. "ಇದೆಲ್ಲ ಯಾರದು?"

"ಊರವರದು."

ಅತ್ತೆ ಏಳು ಜೊತೆಯನ್ನೂ ಒಂದೊಂದಾಗಿ ನೋಡಿದರು. "ಸ್ನಾನ ಮಾಡಿ ಒಳಗೆ ಬಾ," ಎಂದು ಹೋದರು. ಮೂರು ದಿನ ಸತ್ಯವತಿ ಶಾಲೆಯಿಂದ ಬಂದು, ಬೆಳಕಿರುವವರೆಗೆ ಹೊಲಿದು, ಸ್ನಾನ ಮಾಡಿ ಒಳಗೆ ಹೋದಳು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಐದನೆಯ ಜೊತೆ ಅವಳ ಹೆಡ್‌ಮಾಸ್ಟರರದು. ಎಡಗಾಲಿನ ಹಿಮ್ಮಡಿ ಒಂದೇ ಕಡೆ ಸವೆದಿತ್ತು. ಆರು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದಳು. ಅವರು ಕಾಲೆಳೆದು ನಡೆಯುತ್ತಾರೆಂದು ಅವಳಿಗೆ ಹೇಳಿದ್ದು ಆ ಚಪ್ಪಲಿಯೇ.

ಶನಿವಾರ ಎಲ್ಲ ತಲುಪಿದವು. ಒಬ್ಬ ಗಿರಾಕಿ ಮಾತ್ರ, "ಏನಯ್ಯ ಈ ಸಲ ಹೊಲಿಗೆ ಹೆಂಗಸರ ರವಿಕೆ ಥರ ಇದೆ?" ಎಂದನಂತೆ. "ಹೊಸ ನಮೂನೆ ಸಾಮಿ," ಎಂದನಂತೆ ಮರಿಯಪ್ಪ.

ಮರುದಿನ, ಭಾನುವಾರ, ಅವನಿಗೆ ಕಾಫಿ ತರಲು ಹೋದಾಗ ಸತ್ಯವತಿಯ ಕೈ ಕಿಟಕಿಯ ಮೇಲಿದ್ದ ಅಲ್ಯೂಮಿನಿಯಂ ಲೋಟದ ಹತ್ತಿರ ನಿಂತಿತು. ಒಂಬತ್ತು ತಿಂಗಳು ಅವನಿಗೆ ಅದರಲ್ಲೇ, ಮೇಲಿಂದ ಹೊಯ್ದು ಕೊಟ್ಟಿದ್ದಳು. ಅದು ಅಲ್ಲೇಕಿದೆ ಎಂದು ಯೋಚಿಸಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಒಳಗೆ ಹೋಗಿ ಮನೆಯವರು ಕುಡಿಯುವ ಹಿತ್ತಾಳೆ ಲೋಟದಲ್ಲಿ ತಂದಳು.

ಮರಿಯಪ್ಪ ಕೈ ಚಾಚಲಿಲ್ಲ. "ಬೇಡಮ್ಮ, ನನ್ನ ಲೋಟನೇ ಕೊಡಿ. ನಾಳೆ ನಿಮ್ಮನೇಲಿ ಗಲಾಟೆ ಆದ್ರೆ ನನಗೆ ಇರೋ ಕಾಫಿನೂ ಇಲ್ದಂಗಾಗ್ತದೆ."

"ಆದ್ರೆ ಆಗ್ಲಿ. ಕುಡೀರಿ."

ಅವಳು ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಇಬ್ಬರೂ ಕೇಳಿಸದವರ ಹಾಗೆ ಇದ್ದುಬಿಟ್ಟರು. ಕಾಫಿ ಆರಿತ್ತು, ಅವನು ಕುಡಿದ.

ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಆ ಲೋಟವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಅಡುಗೆಮನೆಯೊಳಗೇ ಇಟ್ಟರು, ಆದರೆ ಕೊನೆಯ ಗೂಡಿನಲ್ಲಿ. ಮನೆಯವರ ಲೋಟಗಳ ಸಾಲಿಗೆ ಅದು ಮತ್ತೆ ಬರಲಿಲ್ಲ. ಆ ಬೇಸಿಗೆಯಲ್ಲಿ ಬಂದ ನೆಂಟರೊಬ್ಬರು ಮೆಟ್ಟಿಲ ಮೇಲಿನ ತೊಗಲು ಕಂಡು ಮೂಗು ಮುಚ್ಚಿಕೊಂಡರು. ಅತ್ತೆ ಮುಖ ಒಂದಿಷ್ಟೂ ಬದಲಿಸದೆ, "ಟೀಚರುಗಳಿಗೆ ಕಡ್ಡಾಯ. ಗೌರ್ಮೆಂಟ್ ಆರ್ಡರು," ಎಂದರು. ಅಂಥ ಆರ್ಡರು ಯಾವುದೂ ಇರಲಿಲ್ಲ. ಸತ್ಯವತಿ ತಲೆ ಎತ್ತದೆ ದಾರಕ್ಕೆ ಮೇಣ ತಿಕ್ಕಿದಳು.

ಪರ್ಸು ಮಾಡುವುದನ್ನು ಅವಳು ಅಷ್ಟಕ್ಕೇ ನಿಲ್ಲಿಸಿದಳು. ಚಪ್ಪಲಿ ಕಲಿಯುತ್ತೇನೆ ಎಂದಾಗ ಮರಿಯಪ್ಪ ಈ ಸಲ ಯಾಕೆಂದು ಕೇಳಲಿಲ್ಲ. ಹಲಗೆಯ ಮೇಲೆ ಕಾಲಿಡಲು ಹೇಳಿ, ಸುತ್ತ ಸೀಮೆಸುಣ್ಣದಲ್ಲಿ ಗೀರೆಳೆದ. ಅಟ್ಟೆ ಕೊಯ್ಯಲು ಎರಡು ತಿಂಗಳು, ಬಾರು ಕೂರಿಸಲು ಮತ್ತೆರಡು ತಿಂಗಳು ಹಿಡಿಯಿತು. ದಸರಾ ರಜೆ ಮುಗಿಯುವ ಹೊತ್ತಿಗೆ ಒಂದು ಜೊತೆ ತಯಾರಾಯಿತು. ಎಡಗಡೆಯದು ಬಲಗಡೆಯದಕ್ಕಿಂತ ಅರ್ಧ ಇಂಚು ಉದ್ದ. ಮರಿಯಪ್ಪ ಎರಡನ್ನೂ ಜೋಡಿಸಿ ಹಿಡಿದು ಬಹಳ ಹೊತ್ತು ನೋಡಿ, "ನಡೀಬೋದು," ಎಂದ.

ಶಾಲೆ ತೆರೆದ ದಿನ ಸತ್ಯವತಿ ಅದನ್ನೇ ಮೆಟ್ಟಿಕೊಂಡು ಹೋದಳು. ಸ್ಟಾಫ್ ರೂಮಿನಲ್ಲಿ ಕೋಕಿಲಾ, "ಯಾವ ಅಂಗಡೀದೇ?" ಎಂದು ಕೇಳಿದಳು.

"ನಾನೇ ಹೊಲ್ದಿದ್ದು," ಎಂದಳು ಸತ್ಯವತಿ. ಗಂಟೆ ಹೊಡೆಯಿತು. ಏಳನೇ ತರಗತಿಗೆ ಅಂದು ನದಿಗಳ ಪಾಠ.